ಈಶಾನ್ಯದ ನೀರು

ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮ್ ಮಾಲೀಕರೊಬ್ಬರಿದ್ದರು. ಯಾರದೇ ಮನೆಯ ಮಾತು ಬಂದರೂ ಬೆರಳನ್ನು ಗಾಳಿಯಲ್ಲಿ ತಿರುಗಿಸಿ ಕೇಳುತ್ತಿದ್ದರು: “ನೀರ ಯಾವ ದಿಕ್ಕಿಗೈತಿ?”

ಸೀರೆ ವ್ಯಾಪಾರ ಕುದುರಿದ ಮೇಲೆ ಸ್ಪೇನಿನ ಕಡಲತೀರದಲ್ಲಿ ವಿಲ್ಲಾ ಕಟ್ಟಲು ಪ್ಲಾಟ್ ನೋಡಿದರು. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ವಿಡಿಯೊ ಕಾಲ್‌ಗೆ ಕೂರಿಸಿಕೊಂಡರು. ಅಲ್ಲಿಯ ಏಜೆಂಟ್ ಹೆಮ್ಮೆಯಿಂದ ಫೋನ್ ತಿರುಗಿಸಿ ಮೆಡಿಟರೇನಿಯನ್ ಸಮುದ್ರ ತೋರಿಸಿದ. ಇವರು ನನ್ನಿಂದ ದಿಕ್ಕು ಕೇಳಿಸಿದರು. ಸಮುದ್ರ ದಕ್ಷಿಣಕ್ಕಿತ್ತು.

“ಬ್ಯಾಡ ಅಂತ ಹೇಳಪಾ. ವಾಸ್ತು ಪ್ರಕಾರ ನೀರ ಈಶಾನ್ಯಕ್ಕಿರಬೇಕು. ಅಂದ್ರನ ಮನಿಗೆ ಛಲೋ.”

ಚಹಾ ತಂದ ಅವರ ಹೆಂಡತಿ ನನ್ನತ್ತ ತಿರುಗಿ ಹೇಳಿದರು: “ಬೀಳಗಿ ಕಡೆ ನಮ್ಮ ಹಳೀ ಮನಿಗೆ ಹೊಳಿ ಈಶಾನ್ಯಕ್ಕ ಇತ್ತು. ಡ್ಯಾಮಿನ ಹಿನ್ನೀರು ಆ ದಿಕ್ಕಿನಿಂದನ ಬಂದು ಮನಿ ಮುಳುಗಿಸ್ತು ನೋಡಪಾ.”

ಬಸಿಗೆ ಸುರಿದುಕೊಂಡ ಚಹಾ ಊದುತ್ತ ಮಾಲೀಕರು ಹೇಳಿದರು: “ಅದಕ್ಕನ ಸರಕಾರದ ಪರಿಹಾರ ಛಲೋ ಬಂತಲ್ಲ!”