ಮೂರು ಸಲ ಕೂಗಿದ್ದರಂತೆ

ಅವನು ಕೊಲೆ ಮಾಡಿದ್ದು ಖರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯ ತೆಗೆದಾಗಲೆಲ್ಲ ಜನ ನನ್ನ ಬಾಯಿ ಮುಚ್ಚಿಸುವುದು ಅದೇ ಮಾತಿನಿಂದ. ಸತ್ತವನು ನನ್ನ ಸೋದರಮಾವ. ಬನಹಟ್ಟಿಯಲ್ಲಿ ಎಂಟು ಪವರ್‌ಲೂಮ್‌ಗಳ ಶೆಡ್ಡಿನ ಮಾಲೀಕ, ನನ್ನನ್ನು ಓದಿಸಿದವನು. ಕೊಂದವನು ಅದೇ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನೇಯ್ದವನು. ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕ ಕಬ್ಬಿಣದ ಸರಳಿನಿಂದ ಮಾವನ ತಲೆಗೆ ಹೊಡೆದು ಓಡಿಹೋದ. ಮಾವನ ಹೆಣ ನೋಡಿದ ದಿನ ಅವನು ಎದುರಿಗೆ ಸಿಕ್ಕಿದ್ದರೆ ನಾನೇ ಏನಾದರೂ ಮಾಡಿಬಿಡುತ್ತಿದ್ದೆ.

ಎರಡು ವಾರ ಅವನು ಸಿಗಲಿಲ್ಲ. ಹಿಪ್ಪರಗಿ ಕಡೆಯ ಹೊಲವೊಂದರಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿಕೊಂಡಿದ್ದಾನೆಂಬ ಸುಳಿವಿನ ಮೇಲೆ, ಹೊರಗಿನಿಂದ ಬಂದ ಪೊಲೀಸ್ ತಂಡವೊಂದು ಅವನನ್ನು ಅಲ್ಲೇ ಹೊಡೆದು ಹಾಕಿತು. ಪೇಪರಿನಲ್ಲಿ ಬಂದದ್ದು ಇಷ್ಟು: ನಿಲ್ಲು ಎಂದು ಹಿಂದಿನಿಂದ ಮೂರು ಸಲ ಕೂಗಿದರು, ಅವನು ಲೆಕ್ಕಿಸದೆ ಕಬ್ಬು ಕಡಿಯುವ ಕೊಯ್ತಾ ಹಿಡಿದು ಕಬ್ಬಿನೊಳಗೆ ನುಗ್ಗಲು ಹೋದ, ಅನಿವಾರ್ಯವಾಗಿ ಗುಂಡು ಹಾರಿಸಬೇಕಾಯಿತು.

ನಾನು ಆಗ ತೇರದಾಳದಲ್ಲಿ ಮಾಸ್ತರ. ಮರುದಿನ ನಾನು ಹತ್ತಿದ ಬಸ್ಸೇ ನ್ಯಾಯಾಲಯವಾಗಿತ್ತು. ಕೋರ್ಟಿಗೆ ಹೋಗಿದ್ದರೆ ಹತ್ತು ವರ್ಷ ಜೈಲಿನಲ್ಲಿ ಕೂಡಿಸಿ ಅನ್ನ ಹಾಕುತ್ತಿದ್ದರು, ಹೀಗಾದದ್ದೇ ಛಲೋ ಅಂದವರೇ ಹೆಚ್ಚು. ವಕೀಲರೊಬ್ಬರು, ಹಿಡಿಯುವುದು ಪೊಲೀಸರ ಕೆಲಸ, ಶಿಕ್ಷೆ ಕೊಡುವುದಲ್ಲ ಅಂದರು. ನಿಮ್ಮ ಮನೆಯವರನ್ನು ಕೊಂದಿದ್ದರೆ ಹೀಗೇ ಅಂತಿದ್ದಿರೇನು ಎಂದು ಎಲ್ಲರೂ ಅವರ ಮೇಲೆ ಏರಿ ಹೋದರು. ಆಮೇಲೆ ನನ್ನ ಕಡೆ ತಿರುಗಿದರು. ಕೊಲೆಯಾದವನ ಮನೆಯವನು ಬಸ್ಸಿನಲ್ಲಿ ನಾನೊಬ್ಬನೇ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಟಿವಿಯವರೂ ಬಂದು ದಾರಿಯಲ್ಲಿ ಹೋಗುವವರ ಬಾಯಿಗೆ ಮೈಕು ಹಿಡಿದರು. ಮನೆಯಲ್ಲಿ ಇಲಿ ಹೊಡೆಯಲು ಪಕ್ಕದ ಮನೆಯವರನ್ನು ಕರೆಯುವ ಗಂಡಸರೆಲ್ಲ ಎನ್‌ಕೌಂಟರ್ ಮಾಡುವುದು ಹೇಗೆಂದು ಪಾಠ ಹೇಳಿದರು. ತಂಡದವರನ್ನು ಕರೆಸಿ ಸತ್ಕಾರವೂ ಆಯಿತು. ಮಾವನ ಹೆಂಡತಿ, ನಮ್ಮ ಅತ್ತೆ, ಅವರಿಗೆ ಉಡುಗೊರೆಯೆಂದು ಶೆಡ್ಡಿನಲ್ಲಿ ನೇಯ್ದ ಧೋತರವನ್ನೇ ಕಳಿಸಿದ್ದಳು. ನನಗೆ ಹೇಸಿಗೆಯಾಯಿತು, ಆದರೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಇಷ್ಟೆಲ್ಲ ಮಾತಾಡಿದ ಊರು ಒಂದೇ ಒಂದು ಮಾತನ್ನು ಆಡಲಿಲ್ಲ. ಮಾಸ್ತರಿಕೆ ಸಿಗುವ ಮೊದಲು ಎರಡು ವರ್ಷ ಆ ಶೆಡ್ಡಿನಲ್ಲಿ ನಾನು ಅವನ ಪಕ್ಕದ ಮಗ್ಗ ನಡೆಸಿದ್ದೇನೆ. ಆ ಸದ್ದಿನಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಕೈಸನ್ನೆ ಮಾಡುತ್ತೇವೆ, ಇಲ್ಲವೇ ಹರಿದ ನೂಲನ್ನು ಉಂಡೆ ಮಾಡಿ ಬೆನ್ನಿಗೆ ಎಸೆಯುತ್ತೇವೆ. ಹತ್ತು ವರ್ಷ ನೇಯ್ದವನ ಕಿವಿ ಮಂದವಾಗುತ್ತದೆ, ಇಪ್ಪತ್ತು ವರ್ಷ ನೇಯ್ದವನದು ಹೋಗಿಯೇ ಬಿಡುತ್ತದೆ. ನಮ್ಮ ಓಣಿಯಲ್ಲಿ ಅದನ್ನು ಯಾರೂ ಕಿವುಡು ಎನ್ನುವುದಿಲ್ಲ. ಟಿವಿ ಜೋರು ಮಾಡುತ್ತಾರೆ, ಹೆಂಡತಿ ಎದುರಿಗೆ ಬಂದು ನಿಂತು ಮಾತಾಡುತ್ತಾಳೆ, ಸಂಸಾರ ನಡೆಯುತ್ತದೆ. ಅವನಂತೂ ನಮ್ಮ ಮುಖ ನೋಡದೆ ಒಂದು ಮಾತನ್ನೂ ಹಿಡಿಯುತ್ತಿರಲಿಲ್ಲ. ಅಂಥವನಿಗೆ ಬೆನ್ನ ಹಿಂದಿನಿಂದ ಮೂರು ಸಲವಲ್ಲ, ಮೂವತ್ತು ಸಲ ಕೂಗಿದರೂ ಅಷ್ಟೇ. ಮಗ್ಗದ ಮೇಲೆ ಬದುಕುವ ಊರಿಗೆ ಇದು ಹೊಳೆಯಲಿಲ್ಲವೆಂದರೆ ಯಾರು ನಂಬಬೇಕು? ಹೊಳೆದವರಿಗೆ ಬೇಕಾಗಿರಲಿಲ್ಲ.

ಅವನ ಸಾವಿನ ಬಗ್ಗೆ ಜಮಖಂಡಿಯಲ್ಲಿ ವಿಚಾರಣೆ ಇಟ್ಟರು. ವಿಷಯ ಗೊತ್ತಿದ್ದವರು ಬಂದು ಹೇಳಿಕೆ ಕೊಡಬಹುದೆಂದು ಪ್ರಕಟಣೆ ಹೊರಟಿತು. ವಿಚಾರಣೆಗೆ ಎರಡು ದಿನ ಮೊದಲು ಅವನ ಹೆಂಡತಿ ನಮ್ಮ ಶಾಲೆಯ ಗೇಟಿನಲ್ಲಿ ಬಂದು ನಿಂತಳು. ಇಷ್ಟು ವರ್ಷ ಗಂಡನಿಗೆ ಕೇಳಲೆಂದು ಮಾತಾಡಿ ಅವಳ ದನಿ ಜೋರಾಗಿಯೇ ಉಳಿದುಬಿಟ್ಟಿತ್ತು, ಹುಡುಗರೆಲ್ಲ ತಿರುಗಿ ನೋಡಿದರು.

"ಸರ, ಖೂನಿ ಮಾಡಿಲ್ಲಂತ ಹೇಳ್ರಿ ಅಂತ ನಾ ಕೇಳಾಕ ಬಂದಿಲ್ರಿ," ಅಂದಳು. "ಅವರಿಗೆ ಕಿವಿ ಕೇಳ್ತಿರಲಿಲ್ಲ. ಅಷ್ಟ ಹೇಳ್ರಿ. ನಾ ಹೇಳಿದ್ರ ಹೆಂಡ್ತಿ ಮಾತು ಅಂತಾರ. ನೀವು ಆ ಮನಿಯವ್ರು, ನಿಮ್ಮ ಮಾತು ನಂಬ್ತಾರ್ರಿ."

ಆಗಲಿ ಎಂದೆ. ಸಂಜೆಯೊಳಗೆ ಸುದ್ದಿ ಅತ್ತೆಗೆ ಮುಟ್ಟಿತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನೀನು ಅಲ್ಲಿ ಹೋಗಿ ಅವನ ಪರವಾಗಿ ಬಾಯಿ ತೆರೆದರೆ, ಗಂಡನ ಜೊತೆಗೆ ಅಳಿಯನೂ ಸತ್ತನೆಂದು ತಿಳಿಯುತ್ತೇನೆ ಎಂದಳು. ಅವಳ ಕೈಯಿಂದ ಉಂಡು ಬೆಳೆದವನು ನಾನು.

ವಿಚಾರಣೆಯ ದಿನ ಅಧಿಕಾರಿ ತಾವಾಗಿಯೇ ಅವನ ಕಿವಿಯ ವಿಷಯ ತೆಗೆದರು. ಹೆಂಡತಿ ಅರ್ಜಿಯಲ್ಲಿ ಬರೆಸಿದ್ದಳಂತೆ. ನಾನು ಹೌದು ಎಂದಿದ್ದರೆ ಸಾಕಿತ್ತು. ಸ್ವಲ್ಪ ಮಂದ ಇತ್ತು, ನಮ್ಮೂರಲ್ಲಿ ಎಲ್ಲರದೂ ಹಾಗೇ ಎಂದೆ.

"ಹಂಗಾರ ಜೋರಾಗಿ ಕೂಗಿದ್ರ ಕೇಳ್ತಿತ್ತೇನ್ರಿ?"

"ಕೇಳ್ತಿತ್ರಿ," ಎಂದೆ.

ಪಕ್ಕದಲ್ಲಿದ್ದ ಕ್ಲಾರ್ಕ್ ಬರೆದುಕೊಂಡ. ನಾನು ಮಾಸ್ತರನ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದೆ.

ಹೊರಗೆ ಕಟ್ಟೆಯ ಮೇಲೆ ಅವಳು ಕೂತಿದ್ದಳು. ಹೇಳಿದಿರೇನು ಎಂದು ಕೇಳಿದಳು. ಹೇಳಿದೆ ಎಂದೆ. ಎದ್ದು ನಿಂತು ಕೈಮುಗಿದಳು. ಎಷ್ಟೋ ತಿಂಗಳ ಮೇಲೆ ಪೊಲೀಸರದೇನೂ ತಪ್ಪಿಲ್ಲವೆಂದು ವರದಿ ಬಂತು. ಅದರಲ್ಲಿ ಯಾರು ಏನು ಹೇಳಿದ್ದಾರೆಂದು ಅವಳಿಗೆ ಯಾರೂ ಓದಿ ಹೇಳಲಿಲ್ಲ. ನಾನು ಹೇಳಿದ್ದನ್ನು ದೊಡ್ಡವರು ಮುಚ್ಚಿಹಾಕಿದರೆಂದೇ ಅವಳು ತಿಳಿದಿದ್ದಾಳೆ.

ಈಗಲೂ ರಬಕವಿಯ ಸಂತೆಯಲ್ಲಿ ನನ್ನನ್ನು ಕಂಡರೆ ಗದ್ದಲದ ನಡುವೆಯೇ ನಿಲ್ಲಿಸುತ್ತಾಳೆ. ಜೊತೆಗೆ ಮಗಳಿರುತ್ತಾಳೆ. "ಊರಾಗ ನಿಮ್ಮಪ್ಪನ ಸಲುವಾಗಿ ಖರೆ ಹೇಳಿದವ್ರು ಇವರೊಬ್ಬರ ನೋಡು," ಎಂದು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟುತ್ತಾಳೆ. ನಾನು ಅವಳ ತಲೆಯ ಮೇಲೆ ಕೈ ಇಟ್ಟು, ಛಲೋ ಆಗಲಿ ಅನ್ನುತ್ತೇನೆ.