ಧಾರೆಯ ಫೋಟೋದಲ್ಲಿ ಅಮ್ಮ

ಅಕ್ಕನ ಮದುವೆಯ ಆಲ್ಬಂನಲ್ಲಿ ಅಮ್ಮ ಎಲ್ಲೂ ಇಲ್ಲ. ಠಾಣೆ ಪಟ್ಟಣದ ಹಾಲ್‌ನಲ್ಲಿ ಮದುವೆ ನಡೆಯುವ ಹೊತ್ತಿಗೆ ಅಪ್ಪ ತೀರಿಹೋಗಿದ್ದರು. ಗಂಡನಿಲ್ಲದವಳು ಧಾರೆಗೆ ನಿಲ್ಲಬಾರದಂತೆ! ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಚಿಕ್ಕಮ್ಮನೊಡನೆ ಮಂಟಪ ಏರಿ ಅಕ್ಕನನ್ನು ಧಾರೆ ಎರೆದುಕೊಟ್ಟರು. ಹೆತ್ತವಳು ಆ ಹೊತ್ತಿಗೆ ಊಟದ ಹಾಲ್‌ನಲ್ಲಿ ಬಾಳೆಲೆ ಒರೆಸುತ್ತಿದ್ದಳು. ನಾನು ಜಗಳಕ್ಕೆ ನಿಂತೆ. ಚಿಕ್ಕವಳು ನಿನಗೇನು ಗೊತ್ತು ಎಂದು ಬಾಯಿ ಮುಚ್ಚಿಸಿದರು.

ಮರುವರ್ಷ ಉಲ್ಹಾಸನಗರದಿಂದ ಹಳೆಯ ಕಂಪ್ಯೂಟರ್, ಸ್ಕ್ಯಾನರ್ ತಂದೆ. ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ಅವಕ್ಕೆ ಸಿಕ್ಕ ಜಾಗ ಹೊಲಿಗೆ ಮಷಿನ್‌ನ ಮೇಲೆ. ಮೊದಮೊದಲು ಬರೀ ಆಟ. ಅಜ್ಜನ ಮೀಸೆಯನ್ನು ಅಕ್ಕನ ಮುಖಕ್ಕೆ ಅಂಟಿಸಿ ನಕ್ಕಿದ್ದೇ ನಕ್ಕಿದ್ದು. ಕೈ ಪಳಗಿದ ಮೇಲೆ ಧಾರೆಯ ಫೋಟೋವನ್ನೇ ಸ್ಕ್ಯಾನ್ ಮಾಡಿದೆ.

ಆದರೆ ನೀರೆರೆಯುವ ಅಮ್ಮನ ಫೋಟೋ ಎಲ್ಲಿಂದ ತರುವುದು? "ಅಮ್ಮ, ಗಿಂಡಿ ಹಿಡಿದು ನಿಲ್ಲು" ಎಂದೆ.

"ನಿಂಗೆಂತ ಮರ್ಲಾ?" ಎಂದು ಬೈದವಳು ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದಳು. ಅಕ್ಕನ ಮದುವೆಗೆಂದು ತಂದು, ಉಡದೆ ಬಿಟ್ಟ ಸೀರೆ. ಅಡುಗೆಮನೆಯ ಸಿಂಕಿನ ಎದುರು ನಿಂತು ಗಿಂಡಿಯ ಮೂತಿಯಿಂದ ನೀರು ಬಿಟ್ಟಳು. ನಾನು ಫೋಟೋ ತೆಗೆದೆ. ನನಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು.

ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರನ್ನೂ ಫೋಟೋದಿಂದ ಅಳಿಸಿದೆ. ಅವರು ನಿಂತಿದ್ದಲ್ಲಿ ಉಳಿದ ತೂತಿಗೆ ಮಂಟಪದ ಹೂಮಾಲೆಯನ್ನೇ ನಕಲು ಮಾಡಿ ತುಂಬಿ, ಅದರ ಮುಂದೆ ಗಿಂಡಿ ಹಿಡಿದ ಅಮ್ಮನನ್ನು ಅಂಟಿಸಿದೆ. ಅಪ್ಪನನ್ನೂ ಪಕ್ಕದಲ್ಲಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅಮ್ಮ ಒಬ್ಬಳೇ ಎರೆಯಬೇಕು ಎಂಬುದೇ ನನ್ನ ಹಟ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಾಗಿಲು ತೆರೆದರೆ ಕಣ್ಣಿಗೆ ಹೊಡೆಯುವಂತೆ ಗೋಡೆಗೆ ತೂಗುಹಾಕಿದೆ.

ಚೌತಿಗೆ ನೆರೂಳಿನಿಂದ ಚಿಕ್ಕಪ್ಪ ಬಂದರು. ಚಪ್ಪಲಿ ಬಿಡುವ ಮೊದಲೇ ಅವರ ಕಣ್ಣು ಅಲ್ಲಿಗೆ ಹೋಯಿತು.

"ಎಂತ ಮಾರಾಯ್ತಿ ಇದು? ನಾವಿಬ್ರು ಎಲ್ಲಿ?"

"ಊಟದ ಹಾಲಲ್ಲಿ. ಎಲೆ ಒರೆಸ್ತಾ ಇದ್ದೀರಿ" ಎಂದೆ.

ಅವರ ಮುಖ ಕೆಂಪೇರಿತು. "ಅತ್ತಿಗೆ, ಇವಳ ಮಾತು ಕೇಳಿದ್ರಾ? ಸುಳ್ಳು ಫೋಟೋ ಯಾರಾದ್ರೂ ಗೋಡೆಗೆ ಹಾಕ್ತಾರಾ? ತೆಗೀರಿ ಮೊದ್ಲು!"

ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳೇ ಫೋಟೋವನ್ನು ಗೋಡೆಯಿಂದ ಇಳಿಸಿದಳು. ಇಷ್ಟು ದಿನದ ಹಟವೆಲ್ಲ ನೀರಿಗೆ ಬಿತ್ತು ಅಂದುಕೊಂಡೆ.

"ಸುಳ್ಳೇ ಹೌದು" ಎಂದಳು ಅಮ್ಮ. "ಅವತ್ತು ನಿಂತದ್ದು ನೀವು, ನಾನಲ್ಲ. ಇವಳ ಮದುವೆಗೆ ನಾನೇ ಎರೆಯುವುದು. ಆಗ ಯಾರೂ ಸುಳ್ಳು ಫೋಟೋ ಮಾಡ್ಬೇಕಂತ ಇಲ್ಲ."

ಚಿಕ್ಕಪ್ಪ ಚಹಾ ಕುಡಿಯದೆ ಹೊರಟುಹೋದರು. ಹೋಗಲಿ ಬಿಡಿ!

ಕೆಲವು ವರ್ಷಗಳ ನಂತರ ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ನನ್ನ ಮದುವೆ. ಧಾರೆಯ ಹೊತ್ತಿಗೆ ಪುರೋಹಿತರು ಚಿಕ್ಕಪ್ಪನ ಮುಖ ನೋಡಿದರು. ಅಮ್ಮ ಯಾರ ಮುಖವನ್ನೂ ನೋಡದೆ ಮಂಟಪ ಏರಿ ಗಿಂಡಿ ಎತ್ತಿಕೊಂಡಳು. ನೀರು ನನ್ನ, ಮದುಮಗನ ಕೈ ದಾಟಿ ನನ್ನ ಸೀರೆಯನ್ನು ತೋಯಿಸಿತು. "ಸಾಕಮ್ಮ, ಸಾಕು" ಎಂದರು ಪುರೋಹಿತರು. ಅಮ್ಮ ನಿಲ್ಲಿಸಲಿಲ್ಲ. ಗಿಂಡಿ ಖಾಲಿಯಾಗುವವರೆಗೂ ಎರೆದಳು.