ಗಂಟೆಗೋಪುರದ ಆಂಟಿ

ಆಂಟಿಯ ಅಂಗೈ ಮುಟ್ಟಿದರೆ ಒರಟೊರಟು. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡುಗಟ್ಟಿತ್ತು. ಮೈಸೂರಿನವರು, ನರ್ಸ್ ಆಗಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ಬಾಳಿದವರು. ನಿವೃತ್ತರಾದ ಮೇಲೆ ಟೆಕ್ಸಾಸ್‌ನ ಸೀಡರ್ ಪಾರ್ಕಿಗೆ, ನಮ್ಮ ಪಕ್ಕದ ಮನೆಯ ಮಗಳ ಹತ್ತಿರ ಬಂದಿದ್ದರು. ಕೈಯ ಜಡ್ಡು ಇಂಗ್ಲೆಂಡಿನಲ್ಲಿ ಅವರಿದ್ದ ಊರಿನ ದೊಡ್ಡ ಹಳೆಯ ಚರ್ಚು, ಕೆಥೆಡ್ರಲ್‌ನ ಗಂಟೆಯ ಹಗ್ಗದ್ದು.

ಅಲ್ಲಿ ಎಂಟು ಗಂಟೆ, ಎಂಟು ಹಗ್ಗ, ಒಂದೊಂದಕ್ಕೆ ಒಬ್ಬೊಬ್ಬರು. "ಮೊದಲನೇ ವಾರ ಹಗ್ಗ ಬಿಡದೆ ಹಿಡ್ಕೊಂಡಿದ್ದೆ ಕಣೇ, ಅದು ನನ್ನನ್ನೇ ಮೇಲಕ್ಕೆ ಎತ್ತಿಬಿಡ್ತು!" ಎಂದು ನಗುತ್ತಿದ್ದರು. ಪೂಜೆ, ಉಪವಾಸ ಬಿಡದ ನೀವು ಅಲ್ಲಿಗೇಕೆ ಹೋದಿರಿ ಎಂದು ಕೇಳಿದ್ದೆ. "ಡ್ಯೂಟಿ ಮುಗಿಸಿ ರೂಮಿಗೆ ಹೋದ್ರೆ ಮಾತಾಡ್ಸೋರು ಇರ್ಲಿಲ್ಲ. ಗೋಪುರ ಹತ್ತಿದ್ರೆ ಏಳು ಜನ ನಂಗೋಸ್ಕರ ಕಾಯ್ತಿದ್ರು" ಎಂದರು. ಟೆಕ್ಸಾಸ್‌ಗೆ ಹೊಸಬಳಾಗಿ ಮಂಕು ಹಿಡಿದು ಕೂತಿದ್ದ ನನಗೆ ಆಮೇಲೆ ದಿನವೂ ಅವರ ಅಡುಗೆಮನೆಯಲ್ಲೇ ಕಾಫಿ.

ಕಾಫಿಯ ಜೊತೆ ಕೆಥೆಡ್ರಲ್ ಕಥೆ. ಅಜ್ಜ ಶುರು ಮಾಡಿದ ಗೋಡೆಯನ್ನು ಮೊಮ್ಮಗ ಮುಗಿಸಿದ್ದು, ಬೆಂಕಿ ಬಿದ್ದು ಮತ್ತೆ ಕಟ್ಟಿದ್ದು. ಈಗ ಟಿಕೆಟ್ ಕೊಂಡು ಬರುವ ಪ್ರವಾಸಿಗರು, ಅಂಗಳದಲ್ಲೊಂದು ಕೆಫೆ. ಕೇಳಲು ನಾಲ್ಕೇ ಜನರಿದ್ದರೂ ಸಂಜೆಯ ಪ್ರಾರ್ಥನೆಯ ಹಾಡು ತಪ್ಪುವುದಿಲ್ಲವಂತೆ. "ಯಾವಾಗ ನೋಡಿದ್ರೂ ಒಂದು ಕಡೆ ರಿಪೇರಿ ಇದ್ದಿದ್ದೇ" ಎನ್ನುತ್ತಿದ್ದರು.

ಕೊನೆಯ ರಿಪೇರಿ ಗಂಟೆಗಳದೇ. ಕೆಳಗಿಳಿಸಿದ್ದನ್ನು ಮತ್ತೆ ಏರಿಸುವ ದಿನ ನೀವೂ ಒಂದು ಹಗ್ಗ ಹಿಡಿಯಬೇಕು ಎಂದು ಹಳೆಯ ಗೆಳೆಯರು ಕರೆದರು. ಆಂಟಿ ಟಿಕೆಟ್ ಬುಕ್ ಮಾಡಿಸಿದರು. ಅಷ್ಟರಲ್ಲಿ ಹೃದಯ ಕೈಕೊಟ್ಟಿತು, ವಿಮಾನ ಹತ್ತಕೂಡದು ಎಂದರು ಡಾಕ್ಟರ್. "ಒಂದೇ ಒಂದು ಸಲ ಕಣೇ" ಎಂದು ನನ್ನೆದುರು ಮಗುವಿನಂತೆ ಅತ್ತರು. ಅಲ್ಲಿ ಗಂಟೆಗಳು ಮೇಲೇರಿದ ವಾರವೇ ಇಲ್ಲಿ ಆಂಟಿ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಮಗಳು ಲ್ಯಾಪ್‌ಟಾಪ್ ತೆರೆದಿಟ್ಟಳು. ಗೋಪುರದವರು ಆಗಲೇ ಅಲ್ಲಿ ಬಾರಿಸುತ್ತಿದ್ದರು. ಎಂಟೂ ಗಂಟೆ ಒಂದು ಸುತ್ತು ಜೋರಾಗಿ ಕೇಳುತ್ತಿತ್ತು, ಮರುಸುತ್ತು ಎಲ್ಲೋ ದೂರದಿಂದ ಬಂದಂತೆ ಮಂಕು. ಅಳಿಯ ವಾಲ್ಯೂಮ್ ಏರಿಸಿದ, ವೈರ್ ಅಲ್ಲಾಡಿಸಿದ. "ಸ್ಪೀಕರ್ ಹೋಗಿದೆ ಅನ್ಸತ್ತೆ, ನನ್ನ ಕಾರಲ್ಲಿ ಇನ್ನೊಂದಿದೆ, ತರ್ಲಾ?" ಎಂದು ಊಟಕ್ಕೆ ಬಂದಿದ್ದ ಅಂಕಲ್ ಒಬ್ಬರು ಎದ್ದರು.

"ಬೇಡ ಅಂಕಲ್, ಕೂತ್ಕೊಳಿ" ಎಂದಳು ಮಗಳು. "ಸ್ಪೀಕರ್ ಸರಿಯಾಗೇ ಇದೆ. ಗಂಟೆ ನಾಲಿಗೆಗೆ ಒಂದು ಕಡೆ ಚರ್ಮ ಕಟ್ಟಿರ್ತಾರೆ, ಆ ಕಡೆ ಬಡಿದಾಗ ಮಂಕಾಗಿ ಕೇಳತ್ತೆ. ತಮ್ಮೋರು ಯಾರಾದ್ರೂ ಹೋದ್ರೆ ಹೀಗೇ ಬಾರ್ಸೋದು."

ಬಡಿಸುತ್ತಿದ್ದವರು ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತರು. ಗಂಟೆ ನಿಲ್ಲುವವರೆಗೂ ಯಾರೂ ಎಲೆಗೆ ಕೈ ಹಾಕಲಿಲ್ಲ.